ಈ ಕಾಗದ ಮೊದಲು ಎಲ್ಲಿತ್ತು?

"ಸರ, ಇದು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲೇ ಐತ್ರಿ. ನಂಬರ್ ಸಮೇತ ಐತಿ, ನೋಡ್ರಿ."

ಹೋದ ತಿಂಗಳು ಒಬ್ಬ ಹುಡುಗ ನನ್ನ ಮೇಜಿನ ಮೇಲೆ ಮೊಬೈಲ್ ಇಟ್ಟು ಹೀಗಂದ. ಒಳ್ಳೆಯ ಓದುಗ, ಚುರುಕು ಕಣ್ಣು. ಅವನ ಮೇಲೆ ಸಿಟ್ಟಿಲ್ಲ. ಆದರೆ ಈ ಒಂದು ಮಾತನ್ನು ವರ್ಷಕ್ಕೆ ನಾಲ್ಕೈದು ಸಲ ಕೇಳುತ್ತೇನೆ. ಹಳೆಯ ಕಾಗದಪತ್ರ ಓದುವುದು, ಜೋಪಾನ ಮಾಡುವುದು ನನ್ನ ಕೆಲಸ. ಮೋಡಿ ದಫ್ತರದ, ಅಂದರೆ ಮರಾಠಿಯ ಹಳೆಯ ಮೋಡಿ ಲಿಪಿಯ ಕಡತಗಳ ಬಗ್ಗೆ ಮಾತಾಡಲು ಹೋದಲ್ಲೂ ಕೊನೆಗೆ ಯಾರಾದರೂ ಯೇಸುವಿನ ಗುಪ್ತ ವಂಶದ ಪ್ರಶ್ನೆ ಎತ್ತುತ್ತಾರೆ. ಯೇಸು ತಮ್ಮ ಶಿಷ್ಯೆ ಮಗ್ದಲದ ಮರಿಯಳನ್ನು ಮದುವೆಯಾಗಿದ್ದರಂತೆ, ಅವರ ಸಂತತಿ ಫ್ರಾನ್ಸಿಗೆ ಬಂತಂತೆ, ಅಲ್ಲಿನ ಮೆರೊವಿಂಜಿಯನ್ ರಾಜಮನೆತನದಲ್ಲಿ ಬೆರೆಯಿತಂತೆ, ಒಂದು ರಹಸ್ಯ ಸಂಘ ಇವತ್ತಿಗೂ ಅವರನ್ನು ಕಾಯುತ್ತಿದೆಯಂತೆ. ಕಾದಂಬರಿ, ಸಿನಿಮಾ ಎಲ್ಲ ಬಂದಾಗಿದೆ. ಕಥೆ ನಿಮಗೂ ಗೊತ್ತು.

ಕಥೆಯಿಂದ ನನಗೆ ತೊಂದರೆಯಿಲ್ಲ. "ಗ್ರಂಥಾಲಯದಲ್ಲಿದೆ, ಅಂದಮೇಲೆ ನಿಜ" ಅನ್ನುವಾಗ ಮಾತ್ರ ನನ್ನ ತಾಳ್ಮೆ ಕೆಡುತ್ತದೆ.

ಹುಡುಗ ತೋರಿಸಿದ ನಂಬರ್ ಸರಿಯಾಗಿಯೇ ಇತ್ತು: 4 ಎಲ್‌ಎಂ1 249. 'ಹೆನ್ರಿ ಲೊಬಿನೋ ಅವರ ರಹಸ್ಯ ಕಡತಗಳು' ಎಂಬ ತೆಳ್ಳನೆಯ ಕಟ್ಟು ಅದು. ವಂಶವೃಕ್ಷಗಳು, ಬೆರಳಚ್ಚಿನ ಹಾಳೆಗಳು, ಪತ್ರಿಕೆಯ ತುಣುಕುಗಳು ಅದರಲ್ಲಿವೆ. 'ಪ್ರಿಯರಿ ಆಫ್ ಸಿಯೋನ್' ಎಂಬ ರಹಸ್ಯ ಸಂಘದ ಮುಖ್ಯಸ್ಥರ ಪಟ್ಟಿ ಇದೆ. ಲಿಯೊನಾರ್ಡೊ ಡ ವಿಂಚಿ, ನ್ಯೂಟನ್, ವಿಕ್ಟರ್ ಹ್ಯೂಗೊ ಎಲ್ಲರ ಹೆಸರೂ ಇದೆ. ಈ ಕಟ್ಟು ಗ್ರಂಥಾಲಯಕ್ಕೆ ಬಂದದ್ದು 1967ರ ಏಪ್ರಿಲ್‌ನಲ್ಲಿ. ಅಂದರೆ ಅದು ಯಾವುದೋ ಮಠದ ನೆಲಮಾಳಿಗೆಯಲ್ಲಿ ಸಿಕ್ಕಿದ್ದಲ್ಲ. ಯಾರೋ ತಂದುಕೊಟ್ಟರು, ಗ್ರಂಥಾಲಯದವರು ತೆಗೆದುಕೊಂಡರು, ನಂಬರ್ ಹಾಕಿ ಇಟ್ಟರು.

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಎಲ್ಲರೂ ಎಡವುವ ಜಾಗ ಇದೇ.

ರಾಷ್ಟ್ರೀಯ ಗ್ರಂಥಾಲಯ ಪುಸ್ತಕವನ್ನು ಪರೀಕ್ಷೆ ಮಾಡಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ದೇಶದಲ್ಲಿ ಅಚ್ಚಾದದ್ದರ ಒಂದೊಂದು ಪ್ರತಿ ಅಲ್ಲಿಗೆ ಹೋಗಬೇಕು ಎಂಬ ನಿಯಮ ಫ್ರಾನ್ಸಿನಲ್ಲಿ 1537ರಿಂದ ಇದೆ. ಒಂದನೇ ಫ್ರಾನ್ಸ್ವಾ ರಾಜ ಮಾಡಿದ್ದು. ನಮ್ಮಲ್ಲೂ 1954ರ ಕಾಯ್ದೆ ಪ್ರಕಾರ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರಕಾಶಕರು ಪ್ರತಿ ಕಳಿಸಬೇಕು. ನಾಳೆ ನೀವು "ನಮ್ಮ ಮನೆತನ ಪುಲಿಕೇಶಿಯ ನೇರ ವಂಶ" ಅಂತ ಪುಸ್ತಕ ಅಚ್ಚು ಹಾಕಿಸಿ ಕಳಿಸಿದರೆ, ಅದೂ ಅಲ್ಲಿ ಇರುತ್ತದೆ. ಅದಕ್ಕೂ ಠಸ್ಸೆ ಬೀಳುತ್ತದೆ, ನಂಬರ್ ಸಿಗುತ್ತದೆ. ಆ ಠಸ್ಸೆ ಹೇಳುವುದು ಒಂದೇ ಮಾತು: ಈ ತಾರೀಖಿನಂದು ಈ ಕಾಗದ ನಮ್ಮ ಕೈ ಸೇರಿತು. ಒಳಗಿರುವುದಕ್ಕೆ ಅದು ಸಾಕ್ಷಿ ಹೇಳುವುದಿಲ್ಲ. ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಣಿ ಆಯಿತು ಅಂದರೆ ಮಾರಿದವನೇ ಜಮೀನಿನ ಮಾಲೀಕ ಅಂತ ಆಗುತ್ತದೆಯೇ? ಇಲ್ಲ ಅಂತ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಪ್ಯಾರಿಸ್ ಅಂದಕೂಡಲೇ ಅದನ್ನು ಮರೆಯುತ್ತೇವೆ.

ಸಂಘದ ಕಥೆಯೂ ಹೀಗೇ. "ಪ್ರಿಯರಿ ನಿಜವಾಗಿ ನೋಂದಣಿಯಾಗಿದೆ ಸರ" ಅನ್ನುತ್ತಾರೆ. ಹೌದು, ಆಗಿದೆ. 1956ರ ಜೂನ್ 25ರಂದು, ಫ್ರಾನ್ಸಿನ ಸೇಂಟ್ ಜೂಲಿಯನ್ ಎಂಬ ಸಣ್ಣ ಊರಿನ ಸರ್ಕಾರಿ ಕಚೇರಿಯಲ್ಲಿ. ನಮ್ಮಲ್ಲಿ ಯುವಕ ಸಂಘ ನೋಂದಾಯಿಸುತ್ತಾರಲ್ಲ, ಹಾಗೆ. ಮಾಡಿಸಿದವರಲ್ಲಿ ಪಿಯೆರ್ ಪ್ಲಾಂಟಾರ್ ಎಂಬಾತ ಕಾರ್ಯದರ್ಶಿ. ಆ ಸಂಘದ ಪತ್ರಿಕೆ ಬರೆಯುತ್ತಿದ್ದುದು ಕಡಿಮೆ ಬಾಡಿಗೆಯ ಸರ್ಕಾರಿ ಮನೆಗಳಲ್ಲಿ ಇರುವವರ ಹಕ್ಕುಗಳ ಬಗ್ಗೆ. ಸಿಯೋನ್ ಅನ್ನುವುದು ಆ ಕಡೆಯ ಒಂದು ಗುಡ್ಡದ ಹೆಸರು. ಅದೇ ಸಂಘ 1099ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿತು ಎಂಬ ಮಾತು ಬಂದದ್ದು ಆಮೇಲೆ, ಆ 'ರಹಸ್ಯ ಕಡತ'ಗಳ ಕಾಲದಲ್ಲಿ.

ಈಗ ವಂಶವೃಕ್ಷ ನೋಡಿ. ಎರಡನೇ ಡಾಗೊಬೆರ್ ಎಂಬ ಮೆರೊವಿಂಜಿಯನ್ ರಾಜ 679ರಲ್ಲಿ ಕಾಡಿನಲ್ಲಿ ಕೊಲೆಯಾದ. ಅದು ಇತಿಹಾಸ. ಅವನಿಗೊಬ್ಬ ಮಗ ಉಳಿದುಕೊಂಡ, ದಕ್ಷಿಣಕ್ಕೆ ಓಡಿಹೋದ, ಅವನಿಂದ ವಂಶ ಮುಂದುವರಿಯಿತು ಅನ್ನುವುದು ಆ ಕಡತದ ಸೇರ್ಪಡೆ. ಆ ವಂಶದ ತುದಿಯಲ್ಲಿ ಕುಳಿತಿರುವವರು ಯಾರು ಗೊತ್ತೇ? ಪ್ಲಾಂಟಾರ್ ಮನೆತನದವರು. ಆತನಿಗೆ ಬೇಕಿದ್ದದ್ದು ಫ್ರಾನ್ಸಿನ ರಾಜವಂಶ ಮಾತ್ರ. ಯೇಸುವಿನ ಸಂಬಂಧವನ್ನು ಅದಕ್ಕೆ ಕಟ್ಟಿದ್ದು 1982ರಲ್ಲಿ ಬಂದ ಒಂದು ಇಂಗ್ಲಿಷ್ ಪುಸ್ತಕ. ಆ ಭಾಗವನ್ನು ಪ್ಲಾಂಟಾರ್ ಕೂಡ ಒಪ್ಪಲಿಲ್ಲ. ಕೊನೆಗೆ 1993ರಲ್ಲಿ ಬೇರೊಂದು ಹಣದ ಹಗರಣದ ತನಿಖೆಯಲ್ಲಿ ಆತನನ್ನು ನ್ಯಾಯಾಧೀಶರ ಮುಂದೆ ಕರೆಸಿದರು. ಆ ಹಗರಣದಲ್ಲಿದ್ದ ಒಬ್ಬರ ಹೆಸರನ್ನು ಆತ ಸಂಘದ ಮುಖ್ಯಸ್ಥರ ಪಟ್ಟಿಗೆ ಸೇರಿಸಿಬಿಟ್ಟಿದ್ದ. ಅಲ್ಲಿ ಪ್ರಮಾಣ ಮಾಡಿ, ಇದೆಲ್ಲ ನಾನೇ ಕಟ್ಟಿದ್ದು ಅಂತ ಒಪ್ಪಿಕೊಂಡ. 2000ದಲ್ಲಿ ತೀರಿಕೊಂಡ.

ಇಷ್ಟು ಹೇಳಿದ ಮೇಲೂ ಜನ ಕೇಳುತ್ತಾರೆ: "ಹಾಗಾದರೆ ಆ ಚರ್ಮದ ಹಾಳೆಗಳು?" ರೆನ್-ಲೆ-ಶಾಟೋ ಎಂಬ ಬೆಟ್ಟದೂರಿನ ಚರ್ಚಿನಲ್ಲಿ ಅಲ್ಲಿನ ಪಾದ್ರಿಗೆ ಸಿಕ್ಕವಂತೆ, ಅವುಗಳಲ್ಲಿ ಡಾಗೊಬೆರ್‌ನ ನಿಧಿಯ ಗುಟ್ಟು ಇದೆಯಂತೆ. ಆ ಹಾಳೆಗಳ ಅಸಲು ಪ್ರತಿಯನ್ನು ಯಾವ ತಜ್ಞರ ಮುಂದೆಯೂ ಯಾರೂ ತಂದಿಡಲಿಲ್ಲ. ಇರುವುದು 1967ರ ಪುಸ್ತಕವೊಂದರಲ್ಲಿ ಅಚ್ಚಾದ ಚಿತ್ರ. ಅವನ್ನು ಬರೆದದ್ದು ನಾನೇ ಅಂತ ಪ್ಲಾಂಟಾರ್‌ನ ಗೆಳೆಯ ಫಿಲಿಪ್ ಡ ಶೆರಿಸೆ ಆಮೇಲೆ ಹೇಳಿದ. ಚಿತ್ರ ನೋಡಿ ವಯಸ್ಸು ಹೇಳಿ ಅಂದರೆ ನಾನು ಹೇಳುವುದಿಲ್ಲ. ನನಗೆ ಹಾಳೆ ಕೈಗೆ ಬೇಕು.

ಯಾಕೆ ಬೇಕು ಅಂತ ತಿಳಿಯಲು ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಬಹಳ ಹಿಂದೆ ಒಬ್ಬ ಗೌಡರು ಕೆಂಪು ಬಟ್ಟೆಯಲ್ಲಿ ಸುತ್ತಿದ ಕಾಗದ ತಂದಿದ್ದರು. ಜೊತೆಗೆ ಮೊಮ್ಮಗಳು. "ಇದು ಪೇಶ್ವೆ ಸರಕಾರದಾಗಿನ ಸನದು ಸರ, ನಮ್ಮ ಹನ್ನೊಂದು ತಲೆಮಾರಿನ ಹೆಸರು ಅದಾವ" ಅಂದರು. ಸನದು ಅಂದರೆ ಸರಕಾರ ಕೊಟ್ಟ ಹಕ್ಕುಪತ್ರ. ಅಕ್ಷರ ಚೆನ್ನಾಗಿತ್ತು. ಮಡಿಕೆಗಳಲ್ಲಿ ಕಾಗದ ಸವೆದಿತ್ತು, ಅಂಚಿಗೆ ಅರಿಶಿನ ಹತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಕಾಗದದ ಒಡಲಲ್ಲಿ ನೀರಚ್ಚು (ವಾಟರ್‌ಮಾರ್ಕ್) ಕಂಡಿತು: ಇಂಗ್ಲಿಷ್ ಅಕ್ಷರ, ಕೆಳಗೆ 1851. ಪೇಶ್ವೆಗಳ ಆಳ್ವಿಕೆ 1818ಕ್ಕೇ ಮುಗಿದಿತ್ತು.

ಗೌಡರಿಗೆ ಹೇಗೆ ಹೇಳುವುದು? ಅವರು ಆ ಕಾಗದಕ್ಕೆ ಪ್ರತಿ ದಸರೆಗೆ ಪೂಜೆ ಮಾಡುತ್ತಿದ್ದರು. ಬರೆದವನು ಮೋಸಗಾರ ಅಂತ ಹೇಳಲು ನನ್ನ ಹತ್ತಿರ ಪುರಾವೆ ಇರಲಿಲ್ಲ. 1852ರಿಂದ ಈ ಕಡೆ ಬ್ರಿಟಿಷರ ಇನಾಂ ಕಮಿಷನ್ ಬಂತು. ಇನಾಂ ಜಮೀನಿಗೆ ಕಾಗದ ತೋರಿಸಿ ಅಂತ ಎಲ್ಲರನ್ನೂ ಕೇಳಿದರು. ಹರಿದುಹೋದ ಸನದಿನ ನಕಲು ಮಾಡಿಸಿಕೊಂಡವರಿದ್ದರು, ಇಲ್ಲದ ಸನದು ಬರೆಸಿದವರೂ ಇದ್ದರು. ಇದು ಯಾವುದು ಅಂತ ಆ ಒಂದು ಹಾಳೆಯಿಂದ ಗೊತ್ತಾಗುವುದಿಲ್ಲ. ಅಷ್ಟನ್ನೇ ಹೇಳಿದೆ. ಮೊಮ್ಮಗಳು ಕೇಳಿದಳು: "ಅಜ್ಜಾ, ಇದು ನಮ್ಮ ಮನಿಗೆ ಯಾವಾಗ ಬಂತು?" ನನ್ನ ಇಡೀ ವೃತ್ತಿ ಆ ಪ್ರಶ್ನೆಯಲ್ಲಿದೆ. ಈ ಕಾಗದ ಮೊದಲು ಎಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು? ಇದಕ್ಕೆ ಉತ್ತರ ಇಲ್ಲದಿದ್ದರೆ ಉಳಿದ ಪರೀಕ್ಷೆಗಳು ಅರ್ಧ ದಾರಿಗೆ ನಿಲ್ಲುತ್ತವೆ.

ಲ್ಯಾಬ್ ಪರೀಕ್ಷೆ ಮಾಡಿಸಿದರೆ ಆಯಿತಲ್ವಾ ಅನ್ನುವವರಿಗೆ 2012ರ ಸಂಗತಿ ಹೇಳಬೇಕು. ಹಾರ್ವರ್ಡ್‌ನ ಪ್ರಾಧ್ಯಾಪಕಿ ಕ್ಯಾರೆನ್ ಕಿಂಗ್ ರೋಮ್‌ನ ಸಮ್ಮೇಳನವೊಂದರಲ್ಲಿ ಅಂಗೈಗಿಂತ ಚಿಕ್ಕದಾದ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಲದ ಕಾಗದ) ತುಣುಕನ್ನು ಜಗತ್ತಿಗೆ ತಿಳಿಸಿದರು. ಈಜಿಪ್ಟಿನ ಹಳೆಯ ಕೋಪ್ಟಿಕ್ ಭಾಷೆ. ಅದರಲ್ಲಿ "ಯೇಸು ಅವರಿಗೆ ಹೇಳಿದ್ದು: ನನ್ನ ಹೆಂಡತಿ" ಅಂತ ಇತ್ತು, ಮುಂದೆ ಹರಿದಿತ್ತು. ಪರೀಕ್ಷೆಯಲ್ಲಿ ಪಪೈರಸ್ ಸಾವಿರ ವರ್ಷಕ್ಕೂ ಹಳೆಯದು ಅಂತ ಬಂತು. ಪಪೈರಸ್ ಹಳೆಯದೇ. ಆದರೆ ಹಳೆಯ ಖಾಲಿ ತುಣುಕು ಸಿಗುವುದು ಅಂಥ ಕಷ್ಟವಲ್ಲ. ಅದರ ಮೇಲೆ ಇವತ್ತು ಬರೆದರೂ ಪಪೈರಸ್‌ನ ವಯಸ್ಸು ಹಾಗೇ ಇರುತ್ತದೆ. ಅದರ ಸಾಲುಗಳು ಬೈಬಲ್‌ಗೆ ಸೇರದ ಹಳೆಯ ಪುಸ್ತಕವಾದ ತೋಮನ ಸುವಾರ್ತೆಯ ತುಣುಕುಗಳಿಂದ ಹೊಲಿದಂತಿದ್ದವು. ಇಂಟರ್‌ನೆಟ್‌ನಲ್ಲಿದ್ದ ಒಂದು ಪ್ರತಿಯ ಅಚ್ಚಿನ ತಪ್ಪು ಕೂಡ ಅದರಲ್ಲಿ ಬಂದಿತ್ತು. 2016ರಲ್ಲಿ ಒಬ್ಬ ಪತ್ರಕರ್ತ ಲ್ಯಾಬ್‌ಗೆ ಹೋಗಲಿಲ್ಲ. ಇದು ಮೊದಲು ಯಾರ ಹತ್ತಿರ ಇತ್ತು ಅಂತ ಹುಡುಕಿಕೊಂಡು ಹೋದ. ಮಾಲೀಕ ಹೇಳಿದ ಕಥೆ ಅಲ್ಲೇ ಕುಸಿಯಿತು. ಇದು ಖೋಟಾ ಇರಬಹುದು ಅಂತ ಕಿಂಗ್ ಅವರೂ ಒಪ್ಪಿದರು. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟವಾಯಿತು.

ಯೇಸುವಿಗೆ ಮದುವೆ ಆಗಿತ್ತೋ ಇಲ್ಲವೋ ಎಂಬುದು ನನ್ನ ವಿಷಯವಲ್ಲ. ಬೈಬಲ್‌ನ ನಾಲ್ಕು ಸುವಾರ್ತೆಗಳಲ್ಲಿ ಅವರ ಹೆಂಡತಿಯ ಮಾತು ಬರುವುದಿಲ್ಲ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ತಿರ ಸಿಕ್ಕ, ಬೈಬಲ್‌ಗೆ ಸೇರದ ಫಿಲಿಪ್ಪನ ಸುವಾರ್ತೆಯಲ್ಲಿ, ಮಗ್ದಲದ ಮರಿಯಳನ್ನು ಅವರು ಮುತ್ತಿಡುತ್ತಿದ್ದರು ಎಂಬ ಸಾಲೊಂದಿದೆ. ಎಲ್ಲಿಗೆ ಎಂಬ ಪದ ಇರಬೇಕಾದ ಜಾಗದಲ್ಲಿ ಹಾಳೆಯೇ ಇಲ್ಲ, ತೂತಿದೆ. ಅನುವಾದಗಳಲ್ಲಿ 'ತುಟಿ' ಅಂತ ಓದಿದರೆ, ಅದು ಅನುವಾದಕರು ತುಂಬಿದ ಪದ. ನಾವು ಹಳೆಯ ಪ್ರತಿ ರಿಪೇರಿ ಮಾಡುವಾಗ ತೂತಿಗೆ ತೆಳು ಕಾಗದ ಅಂಟಿಸುತ್ತೇವೆ. ಅದರ ಮೇಲೆ ಅಕ್ಷರ ಬರೆಯುವುದಿಲ್ಲ.

ಇದನ್ನೆಲ್ಲ ಕೇಳಿ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಆದರೂ ಸರ, ಆ ಬೆಟ್ಟದೂರಿನ ಪಾದ್ರಿಗೆ ಅಷ್ಟು ರೊಕ್ಕ ಎಲ್ಲಿಂದ ಬಂತು?"

ಒಳ್ಳೆಯ ಪ್ರಶ್ನೆ. ಅದಕ್ಕೆ ಕಾಗದ ಇದೆ. ಬೆರೆಂಜೆ ಸೊನಿಯೇರ್ 1885ರಲ್ಲಿ ಆ ಊರಿಗೆ ಬಂದರು. ಚರ್ಚು ರಿಪೇರಿ ಮಾಡಿಸಿದರು, ಮಗ್ದಲಾ ಹೆಸರಿನ ಗೋಪುರ ಕಟ್ಟಿಸಿದರು, ಬಂಗಲೆ ಕಟ್ಟಿಸಿದರು. ನಿಧಿ ಸಿಕ್ಕಿತು ಎಂಬ ಸುದ್ದಿ ಪತ್ರಿಕೆಯಲ್ಲಿ ದೊಡ್ಡದಾಗಿ ಬಂದದ್ದು 1956ರಲ್ಲಿ. ಹೇಳಿದವರು ಅದೇ ಬಂಗಲೆಯಲ್ಲಿ ಹೋಟೆಲ್ ನಡೆಸುತ್ತಿದ್ದ ನೊಯೆಲ್ ಕೊರ್ಬು. ಪಾದ್ರಿಯ ಕೈಬರಹದ ಲೆಕ್ಕದ ಪುಸ್ತಕಗಳು ಬೇರೆಯೇ ಹೇಳುತ್ತವೆ. ಸತ್ತವರ ಹೆಸರಿನಲ್ಲಿ, ಕಾಯಿಲೆಯವರ ಹೆಸರಿನಲ್ಲಿ ಪೂಜೆ ಮಾಡಿಸಿ ಅಂತ ದೂರದೂರದಿಂದ ಜನ ಅಂಚೆಯಲ್ಲಿ ಹಣ ಕಳಿಸುತ್ತಿದ್ದರು. ಒಬ್ಬ ಪಾದ್ರಿ ಮಾಡಲು ಆಗುವುದಕ್ಕಿಂತ ಎಷ್ಟೋ ಜಾಸ್ತಿ ಪೂಜೆಗೆ ಅವರು ಹಣ ತೆಗೆದುಕೊಂಡರು. ಕಾರ್ಕಸನ್‌ನ ಬಿಷಪ್ ವಿಚಾರಣೆ ನಡೆಸಿ ಅವರನ್ನು ಕೆಲಸದಿಂದ ಅಮಾನತು ಮಾಡಿದರು. 1917ರ ಜನವರಿಯಲ್ಲಿ ಅವರು ತೀರಿಕೊಂಡಾಗ ಕೈ ಖಾಲಿಯಾಗಿತ್ತು.

"ಆ ಲೆಕ್ಕದ ಪುಸ್ತಕ ಮೊದಲು ಯಾರ ಹತ್ತಿರ ಇತ್ತ್ರಿ?" ಅಂತ ಹುಡುಗ ಕೇಳಿದ. ನಾನು ಕುರ್ಚಿ ಹತ್ತಿರ ಎಳೆದುಕೊಂಡು, ಪಾದ್ರಿಯ ಮನೆಗೆಲಸದ ಮರೀ ದೆನಾರ್ನೋಳಿಂದ ಶುರು ಮಾಡಿದೆ.