ಕಿರುಗೊಂಬೆ ಕೊಳ್ಳುವ ಮೊದಲೇ ಯುದ್ಧದಾಟ ಆಡಿ ನೋಡಬಹುದೇ?

ಪ್ರಶ್ನೆ: ನಮ್ಮದು ವಿಜಯಪುರ. ರಾಕ್ಷಸರು, ಮಾಂತ್ರಿಕರು, ಕುಬ್ಜ ಯೋಧರು ಇರುವ ಕಿರುಗೊಂಬೆಗಳ ಯುದ್ಧದಾಟವನ್ನು ತಮ್ಮನೊಂದಿಗೆ ಮನೆಯಲ್ಲಿ ಆಡುವ ಆಸೆಯಿದೆ. ಗೊಂಬೆಗಳ ಬೆಲೆ ನೋಡಿ ಹಿಂಜರಿಯುತ್ತಿದ್ದೇನೆ. ಆಟ ನಮಗೆ ಹಿಡಿಸುತ್ತದೆಯೇ ಎಂಬುದನ್ನು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಯೋಧ ಯಾರು, ಎಲ್ಲಿ ನಿಂತಿದ್ದಾನೆ, ಎಷ್ಟು ಜಾಗ ಹಿಡಿದಿದ್ದಾನೆ ಎಂಬ ಮೂರು ಸಂಗತಿಗಳು ಸ್ಪಷ್ಟವಾಗಿದ್ದರೆ ನಿಯಮಗಳನ್ನು ಪರೀಕ್ಷಿಸಬಹುದು. ಹತ್ತು ರೂಪಾಯಿಯ ನಾಣ್ಯದ ವ್ಯಾಸ 27 ಮಿಲಿಮೀಟರ್. ಈ ಆಟಗಳಲ್ಲಿ ಸಾಮಾನ್ಯ ಯೋಧನ ಪೀಠ ಸುಮಾರು 25 ಮಿಲಿಮೀಟರ್ ಇರುವುದರಿಂದ, ನಾಣ್ಯವನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದ ಬಿಲ್ಲೆಗಳು ಧಾರಾಳವಾಗಿ ಸಾಕಾಗುತ್ತವೆ. ದೊಡ್ಡ ಮೃಗಗಳು ಬೇಕೆನಿಸಿದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೈಗಳಿಗೆ ಕೋಣದ ತಲೆಯ ರಾಕ್ಷಸನನ್ನು ಮಾಡುವುದು ಕಷ್ಟವಲ್ಲ. ಪೂಜೆಗೆ ಇಟ್ಟವನ್ನು ಮಾತ್ರ ಆಟಕ್ಕೆ ತರಬೇಡಿ. ಎರೆಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಆದ್ದರಿಂದ ಗೊಂಬೆಗಳನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಿ.

ನಿಯಮಾವಳಿಗೆ 'ಒನ್ ಪೇಜ್ ರೂಲ್ಸ್' ಅವರ 'ಏಜ್ ಆಫ್ ಫ್ಯಾಂಟಸಿ: ಸ್ಕರ್ಮಿಶ್' ಅನ್ನು ಸೂಚಿಸುತ್ತೇನೆ. ಅದರ ಮೂಲ ನಿಯಮಗಳು ಉಚಿತವಾಗಿ ಸಿಗುತ್ತವೆ, ಯಾವ ಕಂಪನಿಯ ಗೊಂಬೆಯನ್ನಾದರೂ ಬಳಸಬಹುದು, ಮತ್ತು ಲೂಡೋದಲ್ಲಿರುವಂಥ ಆರು ಮುಖದ ದಾಳಗಳಲ್ಲದೆ ಬೇರೆ ದಾಳ ಬೇಕಾಗುವುದಿಲ್ಲ. ನಾಲ್ಕು ಅಡಿ ಚೌಕದ ಜಾಗ ಸಾಕು. ಮನೆಯಲ್ಲಿ ಎರಡು ಅಡಿಯ ಫರಸಿ ಕಲ್ಲುಗಳಿದ್ದರೆ ಅಂಥ ನಾಲ್ಕು ಕಲ್ಲುಗಳೇ ರಣಭೂಮಿ. ಅಳತೆಗಳೆಲ್ಲ ಇಂಚಿನಲ್ಲಿರುವುದರಿಂದ ದರ್ಜಿಗಳು ಬಳಸುವ ಟೇಪು ಚೆನ್ನಾಗಿ ಒದಗುತ್ತದೆ.

ಆಟ ನಾಲ್ಕು ಸುತ್ತುಗಳದ್ದು. ಒಬ್ಬರು ತಮ್ಮ ಒಬ್ಬ ಯೋಧನನ್ನು ನಡೆಸಿದ ಮೇಲೆ ಎದುರಾಳಿ ತನ್ನ ಒಬ್ಬನನ್ನು ನಡೆಸಬೇಕು. ಸಾಮಾನ್ಯ ಯೋಧ 6 ಇಂಚು ನಡೆದು ಬಾಣ ಬಿಡಬಹುದು, ಅಥವಾ ಬಾಣದ ಆಸೆ ಬಿಟ್ಟು 12 ಇಂಚು ಓಡಬಹುದು, ಇಲ್ಲವೇ 12 ಇಂಚಿನೊಳಗಿನ ವೈರಿಯ ಮೇಲೆ ಏರಿ ಹೋಗಬಹುದು. ಪ್ರತಿಯೊಬ್ಬನಿಗೂ ಕ್ವಾಲಿಟಿ ಮತ್ತು ಡಿಫೆನ್ಸ್ ಎಂಬ ಎರಡು ಅಂಕಿಗಳಿರುತ್ತವೆ. ಕ್ವಾಲಿಟಿ 4+ ಎಂದರೆ ಹೊಡೆಯಲು ದಾಳದಲ್ಲಿ 4 ಅಥವಾ ಹೆಚ್ಚು ಬೀಳಬೇಕು. ಡಿಫೆನ್ಸ್ ಅಂಕಿಯೂ ಹಾಗೆಯೇ, ತಡೆಯುವುದಕ್ಕೆ.

ನನ್ನನ್ನು ಈ ಆಟಕ್ಕೆ ಒಲಿಸಿದ್ದು ಇದರ ಆಯಾಸದ ನಿಯಮ, ಮತ್ತು ನೀವು ಪರೀಕ್ಷಿಸಬೇಕಾದದ್ದೂ ಅದನ್ನೇ. ಒಂದು ಸುತ್ತಿನಲ್ಲಿ ಒಮ್ಮೆ ಕೈಮಿಲಾಯಿಸಿ ಹೋರಾಡಿದವನು, ತಾನೇ ಏರಿ ಹೋಗಿರಲಿ ಅಥವಾ ತಿರುಗಿ ಹೊಡೆದಿರಲಿ, ಆ ಸುತ್ತು ಮುಗಿಯುವವರೆಗೆ ಅಂಥ ಕಾಳಗದಲ್ಲಿ 6 ಬಿದ್ದರೆ ಮಾತ್ರ ಹೊಡೆಯಬಲ್ಲ. ಒಂದು ಕಡೆ ಎರಡೂ ಅಂಕಿಗಳು 3+ ಇರುವ ಬಲಿಷ್ಠ ಯೋಧನಿದ್ದಾನೆ, ಇನ್ನೊಂದು ಕಡೆ ಎರಡೂ 5+ ಇರುವ ಕುಳ್ಳ ರಾಕ್ಷಸರಿದ್ದಾರೆ ಎಂದುಕೊಳ್ಳಿ. ದಣಿಯದ ಯೋಧನ ಒಂದು ಹೊಡೆತ ಗಾಯ ಮಾಡುವ ಸಾಧ್ಯತೆ, ಹೊಡೆತ ತಾಗುವ ಮೂರರಲ್ಲಿ ಎರಡನ್ನು ರಾಕ್ಷಸ ಅದನ್ನು ತಡೆಯಲಾರದ ಮೂರರಲ್ಲಿ ಎರಡರಿಂದ ಗುಣಿಸಿದಷ್ಟು, ಅಂದರೆ 4/9. ರಾಕ್ಷಸನ ಹೊಡೆತಕ್ಕೆ ಅದು 1/9 ಮಾತ್ರ. ಆದರೆ ಅದೇ ಯೋಧ ದಣಿದ ಮೇಲೆ ಅವನ ಸಾಧ್ಯತೆಯೂ 1/6ನ್ನು 2/3ರಿಂದ ಗುಣಿಸಿದಾಗ ಸರಿಯಾಗಿ 1/9ಕ್ಕೆ ಇಳಿಯುತ್ತದೆ! ಆದ್ದರಿಂದ ರಾಕ್ಷಸರ ಕಡೆಯವರು ಮೊದಲು ಒಬ್ಬನನ್ನು ಬಲಿ ಕೊಟ್ಟು ಯೋಧನನ್ನು ದಣಿಸಲು ನೋಡುತ್ತಾರೆ. ತಿರುಗಿ ಹೊಡೆಯುವುದು ಕಡ್ಡಾಯವಲ್ಲದ ಕಾರಣ, ಯೋಧನ ಕಡೆಯವರು ಮೊದಲ ಪೆಟ್ಟನ್ನು ಸಹಿಸಿಕೊಂಡು ಸುಮ್ಮನಿರುವುದೇ ಒಳಿತೇ ಎಂದು ಯೋಚಿಸಬೇಕಾಗುತ್ತದೆ. ಇಷ್ಟು ಚಿಕ್ಕ ನಿಯಮವೊಂದು ಇಬ್ಬರ ತಲೆಗೂ ಇಷ್ಟು ಕೆಲಸ ಕೊಡುವುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ.

ಮೊದಲ ಆಟಕ್ಕೆ ಮಂತ್ರಗಳನ್ನೂ ವಿಶೇಷ ಶಕ್ತಿಗಳನ್ನೂ ಬದಿಗಿಡಿ. ಎರಡೂ ಕಡೆಗೆ ಒಂದೇ ಅಂಕಿಗಳ ಐದೈದು ಯೋಧರಿರಲಿ. ನೆಲವನ್ನು ಬರಿದಾಗಿ ಬಿಡಬೇಡಿ, ಬಯಲಿನಲ್ಲಿ ಬಿಲ್ಲುಗಾರರದ್ದೇ ರಾಜ್ಯವಾಗುತ್ತದೆ. ದೃಷ್ಟಿಗೆ ಅಡ್ಡವಾಗಲು ಪುಸ್ತಕ, ಡಬ್ಬಿಗಳನ್ನೂ, ನಡೆಯಲು ಕಷ್ಟವಾದ ಜಾಗಕ್ಕೆ ಗೋಣಿತಟ್ಟಿನ ತುಂಡುಗಳನ್ನೂ ಇಡಿ. ಗೆಲುವನ್ನು ಕೊಂದ ತಲೆಗಳಿಂದ ಎಣಿಸದೆ, ನೆಲದ ಮೇಲಿಟ್ಟ ಗುರುತುಗಳಿಂದ ಎಣಿಸಿ: ಸುತ್ತಿನ ಕೊನೆಗೆ ಗುರುತಿನ 3 ಇಂಚಿನೊಳಗೆ ನಿಮ್ಮವನಿದ್ದು ವೈರಿ ಇಲ್ಲದಿದ್ದರೆ ಅದು ನಿಮ್ಮದು.

ಎರಡನೆಯ ಆಟಕ್ಕೆ ಮೇಲೆ ಹೇಳಿದ ಬಲಿಷ್ಠರನ್ನೂ ಕುಳ್ಳರನ್ನೂ ತನ್ನಿ, ಮೂರನೆಯದಕ್ಕೆ ಪಕ್ಷ ಬದಲಿಸಿಕೊಳ್ಳಿ. ಯಾರನ್ನು ಮೊದಲು ನಡೆಸಲಿ ಎಂಬ ಚಿಂತೆ ಇಬ್ಬರಿಗೂ ಹಿತವೆನಿಸಿದರೆ ಗೊಂಬೆಗಳಿಗೆ ಹಣ ಹಾಕಬಹುದು. ಆಗ 28 ಮಿಲಿಮೀಟರ್ ಅಳತೆಯವನ್ನೇ (ಇದು ಪೀಠದ ಅಗಲವಲ್ಲ, ಸಾಮಾನ್ಯ ಯೋಧನ ಸುಮಾರು ಎತ್ತರ) ಆರಿಸಿಕೊಳ್ಳಿ. ಈ ಬಗೆಯ ಬಹಳಷ್ಟು ನಿಯಮಾವಳಿಗಳಿಗೆ ಅವು ಹೊಂದುವುದರಿಂದ, ಮುಂದೆ ಬೇರೆ ಆಟಕ್ಕೆ ಮನಸ್ಸಾದರೂ ಕೊಂಡದ್ದು ವ್ಯರ್ಥವಾಗುವುದಿಲ್ಲ.