ಆರ್ಡರ್ ಏರಿಳಿತ ಮತ್ತು ಕಾರ್ಮಿಕ ಬಲದ ಯೋಜನೆ: ಉದ್ಯಮಬಾಗದ ಅನುಭವದಿಂದ

ಬೆಳಗಾವಿಯ ಉದ್ಯಮಬಾಗ ಹಾಗೂ ಮಚ್ಛೆಯ ಫೌಂಡ್ರಿಗಳಿಗೆ (ಲೋಹ ಎರಕದ ಕಾರ್ಖಾನೆಗಳಿಗೆ), ಮಷೀನ್ ಶಾಪ್‌ಗಳಿಗೆ ಕಾರ್ಮಿಕ ವಿಷಯಗಳಲ್ಲಿ ಸಲಹೆ ನೀಡುವ ನನ್ನನ್ನು ಮಾಲೀಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಆರ್ಡರ್ ಒಂದು ತಿಂಗಳು ತುಂಬಿ ಬಂದು ಮರುತಿಂಗಳು ಅರ್ಧಕ್ಕಿಳಿಯುವಾಗ ಎಷ್ಟು ಜನರನ್ನು ಕಾಯಂ ಇಟ್ಟುಕೊಳ್ಳಬೇಕು? ಬಹುತೇಕರು ಇದಕ್ಕೆ ಕಂಡುಕೊಂಡಿರುವ ಉತ್ತರ ಗುತ್ತಿಗೆದಾರ. ಫೋನ್ ಮಾಡಿದರೆ ಬೆಳಿಗ್ಗೆ ಹತ್ತು ಜನ ಗೇಟಿಗೆ ಬರುತ್ತಾರೆ, ಬೇಡವೆಂದರೆ ಬರುವುದಿಲ್ಲ. ಈ ಅನುಕೂಲಕ್ಕೆ ತೆರುವ ಬೆಲೆ ಸಂಬಳದ ಪುಸ್ತಕದಲ್ಲಿ ಕಾಣುವುದಿಲ್ಲ, ದೋಷದಿಂದ ತಿರಸ್ಕೃತವಾದ ಮಾಲಿನ ರಿಜೆಕ್ಷನ್ ಪಟ್ಟಿಯಲ್ಲಿ ಕಾಣುತ್ತದೆ.

ಎರಕಕ್ಕೆ ಮರಳಿನ ಅಚ್ಚು ತಯಾರಿಸುವ ಮೌಲ್ಡಿಂಗ್ ವಿಭಾಗವನ್ನೇ ನೋಡಿ. ನುರಿತ ಮೌಲ್ಡರ್ ಹದಗೊಳಿಸಿದ ಮರಳನ್ನು ಮುಷ್ಟಿಯಲ್ಲಿ ಅದುಮಿ, ಆ ಉಂಡೆಯನ್ನು ಎರಡಾಗಿ ಮುರಿದು ನೋಡುತ್ತಾನೆ. ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿ, ಮುರಿದ ಅಂಚು ಉದುರದೆ ನಿಂತರೆ ಹದ ಸರಿಯಿದೆ ಎಂದರ್ಥ. ತೇವ ಹೆಚ್ಚಾದರೆ ಕಾದ ಲೋಹ ಸುರಿದಾಗ ಆವಿ ಎದ್ದು ಎರಕದೊಳಗೆ ಬ್ಲೋಹೋಲ್ (ಅನಿಲದ ರಂಧ್ರ) ಆಗುತ್ತದೆ, ಕಡಿಮೆಯಾದರೆ ಅಚ್ಚು ಉದುರಿ ಮರಳು ಲೋಹದಲ್ಲಿ ಸೇರಿಕೊಳ್ಳುತ್ತದೆ. ಲ್ಯಾಬ್‌ನಲ್ಲಿ ಪರೀಕ್ಷೆ ನಡೆಯುತ್ತದೆ ನಿಜ. ಆದರೆ ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವೆ ಕಾಯುವುದು ಈ ಕೈಯೇ. ನಿನ್ನೆ ಗೇಟಿಗೆ ಬಂದವನಿಗೆ ಅದು ಬರುವುದಿಲ್ಲ, ಮೇಲಾಗಿ ಇಂಥ ದೋಷ ಎಷ್ಟೋ ಸಲ ಬಯಲಾಗುವುದು ಗ್ರಾಹಕರ ಮಷೀನಿನ ಮೇಲೆ. ಲೋಡಿಂಗ್, ಪ್ಯಾಕಿಂಗ್‌ನಂಥ ಕೆಲಸಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಆದ್ದರಿಂದ ತಲೆ ಎಣಿಸುವ ಮೊದಲು ಪ್ರತಿ ಕೆಲಸ ಕಲಿಯಲು ಎಷ್ಟು ಕಾಲ ಬೇಕೆಂದು ಬರೆದುಕೊಳ್ಳಬೇಕು. ಕಲಿಯಲು ತಿಂಗಳುಗಟ್ಟಲೆ ಬೇಕಾದ ಕೆಲಸಗಳಿಗೆ, ಆರ್ಡರ್ ಅತ್ಯಂತ ಕಡಿಮೆ ಇರುವ ತಿಂಗಳಿಗೆ ಸಾಲುವಷ್ಟು ಜನ ಕಾಯಂ ಇರಲಿ. ಅದರ ಮೇಲಿನ ಏರಿಕೆಗೆ, ಎರಕವನ್ನು ಸವರಿ ಶುಚಿಗೊಳಿಸುವ ಫೆಟ್ಲಿಂಗ್‌ನವರಿಗೆ ಎರಕದ ಟೊಳ್ಳು ಭಾಗಗಳಿಗೆ ಮರಳಿನ ಒಳ ಅಚ್ಚು ಮಾಡುವ ಕೋರ್ ಶಾಪ್ ಕೆಲಸವನ್ನೂ ಕಲಿಸಿಟ್ಟರೆ ಅರ್ಧ ಸಮಸ್ಯೆ ಒಳಗೇ ಬಗೆಹರಿಯುತ್ತದೆ. ಓವರ್‌ಟೈಮ್‌ಗೆ ಕಾನೂನಿನಂತೆ ದುಪ್ಪಟ್ಟು ವೇತನ ಕೊಡಬೇಕಾದ್ದರಿಂದ ಅದು ಕೆಲವೇ ದಿನಗಳ ಮಾತು.

ಹಾಜರಿಯ ಏರಿಳಿತವೂ ಅನಿರೀಕ್ಷಿತವೇನಲ್ಲ. ಜುಲೈನಲ್ಲಿ ಖಾನಾಪುರ, ಬೆಳಗಾವಿ ತಾಲೂಕುಗಳಲ್ಲಿ ಭತ್ತದ ನಾಟಿ, ಮುಂದೆ ಗಣೇಶ ಚತುರ್ಥಿ, ಸವದತ್ತಿ ಯಲ್ಲಮ್ಮನ ಹುಣ್ಣಿಮೆಗಳು. ಮೂರು ವರ್ಷದ ಹಾಜರಿ ಪುಸ್ತಕವನ್ನು ಪಕ್ಕಪಕ್ಕ ಇಟ್ಟರೆ ಅವೇ ವಾರಗಳು ಖಾಲಿ ಕಾಣುತ್ತವೆ. ಆ ವಾರಗಳಿಗೆ ಮೊದಲೇ ರಜೆಯ ಸರದಿ ಗೊತ್ತುಪಡಿಸುವುದನ್ನು ಬಿಟ್ಟು ಪ್ರತಿವರ್ಷ ಗೈರಾದವರಿಗೆ ನೋಟಿಸ್ ಕೊಡುವುದರಿಂದ ಮನಸ್ತಾಪವಷ್ಟೇ ಉಳಿಯುತ್ತದೆ.

ಈ ವಿಷಯದಲ್ಲಿ ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳ ಪದ್ಧತಿಯನ್ನು ಹೊಸ ಕಂಪನಿಗಳು ಗಮನಿಸಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮು ವರ್ಷದ ಕೆಲವೇ ತಿಂಗಳು ನಡೆಯುತ್ತದೆ. ಆದರೂ ಹಂಗಾಮಿ ಕಾರ್ಮಿಕರನ್ನು ಮರುವರ್ಷ ಮತ್ತೆ ಕರೆಯುವ, ಬಿಡುವಿನ ತಿಂಗಳುಗಳಿಗೆ ರಿಟೆನ್ಷನ್ ಭತ್ಯೆ ಕೊಡುವ ರೂಢಿ ಈ ಉದ್ಯಮದಲ್ಲಿ ಬೆಳೆದು ಬಂದಿದೆ. 1972ರ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡುಗಂಟು) ಕಾಯ್ದೆಯೂ ಹಂಗಾಮಿ ಕಾರ್ಮಿಕರಿಗೆ ಪ್ರತಿ ಹಂಗಾಮಿಗೆ 7 ದಿನಗಳ ವೇತನವನ್ನು ಲೆಕ್ಕ ಹಿಡಿದಿತ್ತು. ಮುಂದಿನ ಹಂಗಾಮಿನ ಭರವಸೆ ಇರುವುದರಿಂದಲೇ ಕಬ್ಬಿನ ರಸವನ್ನು ಕುದಿಸಿ ಸಕ್ಕರೆ ಹರಳುಗಟ್ಟಿಸುವ, ಪಳಗಿದ ಪ್ಯಾನ್‌ಮನ್ ಮರಳಿ ಬರುತ್ತಾನೆ.

ಫೌಂಡ್ರಿಗೆ ಇದಕ್ಕೆ ಹತ್ತಿರವಾದ ದಾರಿ ನಿಗದಿತ ಅವಧಿಯ ನೇಮಕಾತಿ, ಅಂದರೆ ಗುತ್ತಿಗೆದಾರನಿಲ್ಲದೆ ಕಂಪನಿಯೇ ಮುಗಿಯುವ ದಿನ ಗೊತ್ತುಪಡಿಸಿ ನೇರವಾಗಿ ನೇಮಿಸಿಕೊಳ್ಳುವುದು. 2018ರಲ್ಲಿ ಕೇಂದ್ರ ಸರ್ಕಾರ ಇದನ್ನು ಎಲ್ಲ ವಲಯಗಳಿಗೆ ವಿಸ್ತರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಇಂಥ ನೌಕರರಿಗೆ ಅದೇ ಕೆಲಸ ಮಾಡುವ ಕಾಯಂ ನೌಕರರಷ್ಟೇ ವೇತನ, ಸೌಲಭ್ಯ ಸಲ್ಲಬೇಕು, ಒಂದು ವರ್ಷ ದುಡಿದರೆ ಗ್ರಾಚ್ಯುಟಿಯೂ ಸಲ್ಲಬೇಕು. ತಿಂಗಳಿಗೆ 18,200 ರೂಪಾಯಿ ವೇತನವಿದ್ದರೆ, 26 ದಿನಗಳ ಲೆಕ್ಕದಲ್ಲಿ 15 ದಿನಗಳಿಗೆ, ಅಂದರೆ ಒಂದು ವರ್ಷದ ಗ್ರಾಚ್ಯುಟಿ 10,500 ರೂಪಾಯಿ. ಈ ಮೊತ್ತ ನೋಡಿ ಹಿಂಜರಿಯುವ ಮಾಲೀಕರು, ಗುತ್ತಿಗೆದಾರ ವೇತನ ಬಾಕಿ ಉಳಿಸಿದರೆ ಅದನ್ನು ತೆರುವ ಹೊಣೆ ಮೂಲ ಮಾಲೀಕರ, ಅಂದರೆ ಕೆಲಸ ಮಾಡಿಸಿಕೊಂಡ ಕಾರ್ಖಾನೆಯವರ ಮೇಲೆಯೇ ಬೀಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೇಮಕಾತಿ ಪತ್ರ ಕಾರ್ಮಿಕರು ಓದಬಲ್ಲ ಭಾಷೆಯಲ್ಲಿರಲಿ, ಕನ್ನಡವಾಗಲಿ ಮರಾಠಿಯಾಗಲಿ. ಅವಧಿ ಮುಗಿಯುವ ದಿನಾಂಕದ ಜೊತೆಗೆ, ನವೀಕರಣವಿದೆಯೋ ಇಲ್ಲವೋ ಎಂಬುದನ್ನು ತಿಂಗಳ ಮೊದಲೇ ತಿಳಿಸುವ ಷರತ್ತನ್ನೂ ನಾನು ಅದರಲ್ಲಿ ಸೇರಿಸುತ್ತೇನೆ. ಕಾನೂನು ಇಷ್ಟನ್ನು ಕೇಳುವುದಿಲ್ಲ, ಆದರೆ ಮಗಳ ಶಾಲೆಯ ಫೀ ಕಟ್ಟಬೇಕಾದ ಮೌಲ್ಡರ್‌ಗೆ ಇದು ಬೇಕು.