ಸಖಿ ಕೇಂದ್ರ ಅಂದರೆ ಏನು? ಅದನ್ನು ನಡೆಸುವ ದುಡ್ಡು ಎಲ್ಲಿಂದ ಬರುತ್ತದೆ?

ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಹೆಣ್ಣುಮಗಳಿದ್ದಾಳೆ. ಒಂದು ಸಂಜೆ ಹೊಲಿದ ಬಟ್ಟೆ ಕೊಡಲು ಬಂದವಳು ಬಾಗಿಲಲ್ಲೇ ನಿಂತಳು. ಒಂದು ಕಣ್ಣಿನ ಕೆಳಗೆ ಊದಿಕೊಂಡಿತ್ತು. ನಾನು ಏನೂ ಕೇಳಲಿಲ್ಲ. ಅವಳೇ ಕೇಳಿದಳು. "ಅಕ್ಕಾ, ಸಖಿ ಅಂತ ಏನೋ ಇದ್ಯಂತಲ್ಲ, ಅದು ಪೊಲೀಸ್ ಸ್ಟೇಷನ್ನಾ?"

ಆಮೇಲೆ ಇನ್ನೆರಡು ಪ್ರಶ್ನೆ ಬಂತು. "ಎಷ್ಟು ದುಡ್ಡು ತಗೊಳ್ತಾರೆ?" ಮತ್ತೆ, ಸ್ವಲ್ಪ ಹೊತ್ತು ಬಿಟ್ಟು, "ಅವ್ರೂ ಹೊಂದ್ಕೊಂಡು ಹೋಗು ಅಂತಾರಾ?"

ಸಖಿ ಎಂಬ ಪದವನ್ನು ಅರ್ಥ ಮಾಡಿಕೊಳ್ಳಲು ಈ ಮೂರು ಪ್ರಶ್ನೆಗಳೇ ಸಾಕು ಅನ್ನಿಸುತ್ತದೆ. ಅದೇ ಸಾಲಿನಲ್ಲಿ ಹೋಗೋಣ.

ಸಖಿ ಅಂದರೆ ಗೆಳತಿ. ಹಳೆಯ ನಾಟಕಗಳಲ್ಲಿ ರಾಣಿ ತನ್ನ ಮನಸ್ಸಿನ ಕಷ್ಟ ಹೇಳಿಕೊಳ್ಳುವುದು ಸಖಿಯ ಹತ್ತಿರ. ಸರ್ಕಾರ ಈ ಹೆಸರನ್ನು ಒಂದು ಯೋಜನೆಗೆ ಇಟ್ಟಿದೆ. ಕಾಗದದಲ್ಲಿ ಅದು 'ಸಖಿ ಒನ್ ಸ್ಟಾಪ್ ಸೆಂಟರ್'. ಇದು ಪೊಲೀಸ್ ಸ್ಟೇಷನ್ ಅಲ್ಲ, ಕೋರ್ಟೂ ಅಲ್ಲ, ಆಸ್ಪತ್ರೆಯೂ ಅಲ್ಲ. ಆ ಮೂರೂ ಕಡೆಯ ನೆರವು ಒಂದೇ ಸೂರಿನಡಿ ಸಿಗಬೇಕು ಅನ್ನುವುದು ಇದರ ಉದ್ದೇಶ.

ಯಾಕೆ ಒಂದೇ ಸೂರು ಬೇಕಿತ್ತು? ಏಟು ತಿಂದ ಹೆಂಗಸು ಮೊದಲೆಲ್ಲ ಗಾಯಕ್ಕೆ ಆಸ್ಪತ್ರೆಗೆ ಹೋಗಬೇಕಿತ್ತು, ದೂರಿಗೆ ಸ್ಟೇಷನ್ನಿಗೆ, ಕೇಸಿಗೆ ವಕೀಲರ ಹತ್ತಿರ. ಆ ರಾತ್ರಿ ಮಲಗಲು ಜಾಗವನ್ನು ತಾನೇ ಹುಡುಕಿಕೊಳ್ಳಬೇಕಿತ್ತು. ನಾಲ್ಕು ಬಾಗಿಲು. ಪ್ರತಿ ಬಾಗಿಲಲ್ಲೂ ಅದೇ ಕಥೆಯನ್ನು ಮೊದಲಿಂದ ಹೇಳಬೇಕು. ಗಂಡ ಏನೆಂದು ಬೈದ, ಎಲ್ಲಿ ಒದ್ದ, ಮಕ್ಕಳು ನೋಡಿದರಾ. ಒಂದು ಸಲ ಹೇಳುವುದೇ ಕಷ್ಟ. ನಾಲ್ಕನೇ ಸಲ ಹೇಳುವ ಹೊತ್ತಿಗೆ ಎಷ್ಟೋ ಜನ ಮನೆಗೇ ವಾಪಸ್ ಹೋಗಿಬಿಡುತ್ತಾರೆ.

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಅತ್ಯಾಚಾರ ದೇಶವನ್ನೇ ಅಲುಗಿಸಿತು. ಆಗ ನೇಮಕವಾದ ನ್ಯಾಯಮೂರ್ತಿ ಉಷಾ ಮೆಹ್ರಾ ಆಯೋಗ ಇಂಥದ್ದೊಂದು ಕೇಂದ್ರ ಬೇಕೆಂದು ಶಿಫಾರಸು ಮಾಡಿತು. ಯೋಜನೆ 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೊದಲ ಕೇಂದ್ರ ಅದೇ ವರ್ಷ ಜುಲೈನಲ್ಲಿ ಛತ್ತೀಸಗಢದ ರಾಯಪುರದಲ್ಲಿ ತೆರೆಯಿತು. ಈಗ ದೇಶದಲ್ಲಿ 800ಕ್ಕೂ ಹೆಚ್ಚು ಕೇಂದ್ರಗಳಿವೆ. ಹೆಚ್ಚಾಗಿ ಜಿಲ್ಲಾ ಆಸ್ಪತ್ರೆಯ ಆವರಣದಲ್ಲಿ ಅಥವಾ ಅದರ ಹತ್ತಿರವೇ ಇರುತ್ತವೆ. ಚಿಕಿತ್ಸೆ, ಆಪ್ತ ಸಮಾಲೋಚನೆ, ಪೊಲೀಸ್ ದೂರಿಗೆ ನೆರವು, ವಕೀಲರ ಸಲಹೆ, ಜೊತೆಗೆ ಕೆಲವು ದಿನ ಉಳಿಯಲು ಹಾಸಿಗೆ. ಸಾಮಾನ್ಯವಾಗಿ ಐದು ದಿನ. ಅದಕ್ಕಿಂತ ಜಾಸ್ತಿ ದಿನ ಬೇಕಾದರೆ 'ಶಕ್ತಿ ಸದನ'ದಂಥ ವಸತಿಗೆ ಕಳಿಸುತ್ತಾರೆ. ಚಿಕ್ಕ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಹೆಸರುಗಳ ಗೊಂದಲ ಇಲ್ಲಿ ತುಂಬಾ ಇದೆ, ಬಿಡಿಸಿ ಹೇಳುತ್ತೇನೆ. 'ಸಖಿ ನಿವಾಸ' ಬೇರೆ. ಅದು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್. ಸಖಿ ಕೇಂದ್ರ ಬರುವುದು ಕೇಂದ್ರ ಸರ್ಕಾರದ 'ಮಿಷನ್ ಶಕ್ತಿ'ಯ ಒಳಗೆ. ನಮ್ಮ ರಾಜ್ಯದಲ್ಲಿ 'ಶಕ್ತಿ' ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಫ್ರೀ ಬಸ್. ಅದು 2023ರ ಜೂನ್‌ನಲ್ಲಿ ಶುರುವಾದ ರಾಜ್ಯ ಸರ್ಕಾರದ ಯೋಜನೆ. ಎರಡಕ್ಕೂ ಸಂಬಂಧವಿಲ್ಲ. ಆದರೆ ಆ ಬಸ್ಸಿನಲ್ಲೇ ಸಖಿ ಕೇಂದ್ರಕ್ಕೆ ಹೋಗಬಹುದು. ಕೈಯಲ್ಲಿ ಕಾಸಿಲ್ಲದವಳಿಗೆ ಅದು ಸಣ್ಣ ವಿಷಯವಲ್ಲ.

ಈಗ ಎರಡನೇ ಪ್ರಶ್ನೆ, ದುಡ್ಡು. ಹೋದವರು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಹಾಗಾದರೆ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ರಾತ್ರಿ ಪಾಳಿಯವರ ಸಂಬಳ? ಇಲ್ಲಿ 'ಅನುದಾನ' ಅನ್ನುವ ಪದ ಬರುತ್ತದೆ.

ಅನುದಾನ ಸಾಲವಲ್ಲ, ವಾಪಸ್ ಕೊಡಬೇಕಿಲ್ಲ. ಹಾಗಂತ ಸುಮ್ನೆ ಕೊಟ್ಟ ದುಡ್ಡೂ ಅಲ್ಲ. ಇಂಥದ್ದಕ್ಕೇ ಖರ್ಚು ಮಾಡಬೇಕೆಂದು ಹೇಳಿ ಕೊಡುತ್ತಾರೆ, ಖರ್ಚಾದ ಮೇಲೆ ಲೆಕ್ಕ ಕೇಳುತ್ತಾರೆ. ಸಖಿಯ ಅನುದಾನ ನಿರ್ಭಯಾ ನಿಧಿಯಿಂದ ಬರುತ್ತದೆ. 2013ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ 1,000 ಕೋಟಿ ರೂಪಾಯಿಯ ಈ ನಿಧಿಯನ್ನು ಘೋಷಿಸಿದರು. ಸರ್ಕಾರದ ಸಾಮಾನ್ಯ ದುಡ್ಡು ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ವಾಪಸ್ ಹೋಗುತ್ತದೆ. ಈ ನಿಧಿ ಹಾಗೆ ಮುಗಿದು ಹೋಗಬಾರದು ಎಂದೇ ಬೇರೆ ಇಟ್ಟರು. ಸಖಿಯ ಖರ್ಚನ್ನು ಪೂರ್ತಿಯಾಗಿ ಕೇಂದ್ರ ಸರ್ಕಾರವೇ ಕೊಡುತ್ತದೆ. ಜಿಲ್ಲೆಯಲ್ಲಿ ಉಸ್ತುವಾರಿ ಜಿಲ್ಲಾಧಿಕಾರಿಯವರ ಸಮಿತಿಯದು.

ಒಂದು ತಪ್ಪು ತಿಳಿವಳಿಕೆ ಇದೆ. 'ಸಖಿಗೆ ಇಷ್ಟು ಕೋಟಿ ಬಿಡುಗಡೆ' ಅಂತ ಪೇಪರ್‌ನಲ್ಲಿ ಓದಿದವರು ಆ ದುಡ್ಡು ನೊಂದವಳ ಕೈಗೆ ಬರುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅವಳಿಗೆ ಸಿಗಬಹುದಾದ ಪರಿಹಾರದ ದಾರಿ ಬೇರೆ, ಅದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ. ಗಂಡನಿಂದ ಬರಬೇಕಾದ ಜೀವನಾಂಶವನ್ನು ಕೊಡಿಸುವುದು ಮ್ಯಾಜಿಸ್ಟ್ರೇಟ್. ಅನುದಾನ ಇರುವುದು ಕೇಂದ್ರವನ್ನು ನಡೆಸಲು.

ಈ ದುಡ್ಡಿನಲ್ಲೂ ಎರಡು ಬಗೆ. ಕಟ್ಟಡ, ಮಂಚ, ಕಂಪ್ಯೂಟರ್‌ಗೆ ಒಂದೇ ಸಲ ಬರುವ ದುಡ್ಡು ಒಂದು. ಸಂಬಳ, ಬಾಡಿಗೆ, ಊಟ, ಔಷಧಿ, ಗಾಡಿ ಖರ್ಚಿಗೆ ವರ್ಷ ವರ್ಷವೂ ಬರಬೇಕಾದ ದುಡ್ಡು ಇನ್ನೊಂದು. ಫೋಟೋ ತೆಗೆದು ಉದ್ಘಾಟನೆ ಮಾಡುವುದು ಮೊದಲನೆಯದಕ್ಕೆ. ನನ್ನನ್ನು ಕೇಳಿದರೆ ಜೀವ ಇರುವುದು ಎರಡನೆಯದರಲ್ಲಿ. ಅದು ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ, ಅಂದರೆ ದುಡ್ಡನ್ನು ಹೇಳಿದ್ದಕ್ಕೇ ಖರ್ಚು ಮಾಡಿದ್ದೇವೆ ಎಂಬ ಕಾಗದ, ಹೋಗಬೇಕು, ಆಮೇಲೆ ಮುಂದಿನ ಕಂತು. ಆ ಕಾಗದ ಯಾವುದೋ ಮೇಜಿನ ಮೇಲೆ ಉಳಿದುಬಿಟ್ಟರೆ ಇಲ್ಲಿ ಸಂಬಳ ನಿಲ್ಲುತ್ತದೆ. ಇಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಗುತ್ತಿಗೆಯವರು. ಮೂರು ತಿಂಗಳು ಸಂಬಳವಿಲ್ಲದೆ ಯಾರು ತಾನೇ ರಾತ್ರಿ ಪಾಳಿಗೆ ಬಂದಾರು? ಅನುಭವ ಇದ್ದವರು ಬಿಟ್ಟು ಹೋಗುತ್ತಾರೆ. ಹೊಸಬರಿಗೆ ಮತ್ತೆ ಮೊದಲಿಂದ ಕಲಿಸಬೇಕು.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ಸಖಿ ಬರುವುದಕ್ಕೆ ತುಂಬಾ ಮೊದಲೇ, 2000-01ರಲ್ಲಿ, ನಮ್ಮ ರಾಜ್ಯ 'ಸಾಂತ್ವನ' ಯೋಜನೆ ಶುರು ಮಾಡಿತ್ತು. ದುಡ್ಡು ರಾಜ್ಯದ್ದು, ನಡೆಸುವುದು ಸ್ವಯಂಸೇವಾ ಸಂಸ್ಥೆಗಳು. ಇದರ ದೊಡ್ಡ ಗುಣ ಎಂದರೆ ತಾಲ್ಲೂಕು ಮಟ್ಟಕ್ಕೂ ಹೋಗಿದ್ದು. ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರಿಗೆ ಹೆಚ್ಚು ಕಡಿಮೆ ನೂರು ಕಿಲೋಮೀಟರ್. ರಾತ್ರಿ ಹೊತ್ತು ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಅಷ್ಟು ದೂರ ಹೋಗುವುದು ಎಲ್ಲರಿಗೂ ಆಗುವ ಮಾತಲ್ಲ. ಅದಕ್ಕೇ, ಜಿಲ್ಲೆಗೊಂದು ಸಖಿ ಇದ್ದರೆ ಸಾಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ಅಗತ್ಯ ಎಷ್ಟಿದೆ ನೋಡಿ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದಲ್ಲೇ ಜಾಸ್ತಿ ಇದು. ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು ಶೇ. 20 ಇತ್ತು. ಇನ್ನು ಇಡೀ ದೇಶದ ಲೆಕ್ಕದಲ್ಲಿ, ಹಿಂಸೆ ಅನುಭವಿಸಿದವರ ಪೈಕಿ ಯಾರ ಹತ್ತಿರವಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ನಮ್ಮ ಟೈಲರ್ ಹುಡುಗಿ ಬಾಗಿಲವರೆಗಾದರೂ ಬಂದಳು, ಉಳಿದವರು ಅಷ್ಟೂ ಬರಲಿಲ್ಲ.

ಅವಳನ್ನು ನಾನೇ ಕರೆದುಕೊಂಡು ಹೋದೆ. ಆಸ್ಪತ್ರೆಯ ಹಿಂದಿನ ಒಂದು ಸಣ್ಣ ಕಟ್ಟಡ, ಗುಲಾಬಿ ಬಣ್ಣದ ಬೋರ್ಡು. ಒಳಗಿದ್ದ ಕಾರ್ಯಕರ್ತೆಗೆ ಮೂವತ್ತು ವರ್ಷ ಇರಬಹುದು. ಹೆಸರು ಕೇಳಲಿಲ್ಲ, ಏನಾಯಿತು ಎಂದೂ ಕೇಳಲಿಲ್ಲ. "ಊಟ ಆಯ್ತಾ ಅಮ್ಮಾ?" ಎಂದರು. ನೀರು ಕೊಟ್ಟರು. ನನ್ನ ಕಡೆ ತಿರುಗಿ, "ನೀವು ಸ್ವಲ್ಪ ಹೊರಗೆ ಕೂತ್ಕೊಳ್ತೀರಾ ಮೇಡಂ? ಅವರು ಕರೆದ್ರೆ ಬನ್ನಿ" ಎಂದರು. ನನಗೆ ಮೊದಲು ಒಂಥರಾ ಆಯಿತು. ಆಮೇಲೆ ಅರ್ಥವಾಯಿತು. ಜೊತೆಗೆ ಬಂದವರ ಮುಂದೆ ಎಲ್ಲವನ್ನೂ ಹೇಳಲಾಗುವುದಿಲ್ಲ. ಆ ಜೊತೆಗಾರರು ಅತ್ತೆಯೋ ನಾದಿನಿಯೋ ಆಗಿದ್ದರೆ?

ಸ್ವಲ್ಪ ಹೊತ್ತಿಗೆ ಅವಳೇ ನನ್ನನ್ನು ಒಳಗೆ ಕರೆದಳು. ಆಗ ಒಂದು ನಮೂನೆ ತುಂಬುತ್ತಿದ್ದರು. ಎಲ್ಲರೂ 'ಡಿಐಆರ್' ಅನ್ನುತ್ತಾರೆ, ಕೌಟುಂಬಿಕ ಘಟನೆಯ ವರದಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳಲ್ಲೇ ಈ ನಮೂನೆ ಇದೆ. ಕಾಯ್ದೆ ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ರಂದು. ಕಪಾಳಕ್ಕೆ ಹೊಡೆಯುವುದು, ಕಚ್ಚುವುದು, ಒದೆಯುವುದು, ತಳ್ಳುವುದು ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಅಷ್ಟೇ ಅಲ್ಲ. ಗಂಡು ಮಗು ಹೆರಲಿಲ್ಲ ಎಂದು ಹಂಗಿಸುವುದು, ವರದಕ್ಷಿಣೆ ತರಲಿಲ್ಲ ಎಂದು ಚುಚ್ಚುವುದು, ಮನೆ ಖರ್ಚಿಗೆ ಕೊಡದಿರುವುದು, ಕೆಲಸಕ್ಕೆ ಹೋಗಲು ಬಿಡದಿರುವುದು, ಅವಳ ಸಂಬಳವನ್ನು ಕಿತ್ತುಕೊಳ್ಳುವುದು ಕೂಡ ಇವೆ. ಅದನ್ನು ಓದಿ ಹೇಳಿದಾಗ ನಮ್ಮ ಹುಡುಗಿ ತಲೆ ಎತ್ತಿದಳು. "ಹೊಲಿದ ದುಡ್ಡು ಅವ್ರೇ ಇಸ್ಕೊಳ್ತಾರೆ. ಅದೂ ಬರೀತಾರಾ?" ಬರೆದರು. ಏಟನ್ನು ಮಾತ್ರ ಹಿಂಸೆ ಎಂದುಕೊಂಡಿದ್ದಳು ಅವಳು.

ಈ ವರದಿ ಸಂರಕ್ಷಣಾಧಿಕಾರಿಯ ಮೂಲಕ, ಅಂದರೆ ನೊಂದವಳಿಗೆ ನೆರವಾಗಲು ಈ ಕಾಯ್ದೆಯಡಿ ಗೊತ್ತುಮಾಡಿದ ಅಧಿಕಾರಿಯ ಮೂಲಕ, ಮ್ಯಾಜಿಸ್ಟ್ರೇಟ್ ಹತ್ತಿರ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿಗಳನ್ನು ನೋಡಿಕೊಳ್ಳುವವರೂ ಅವರೇ. ಎಷ್ಟು ಕೆಲಸ ಒಬ್ಬರ ತಲೆ ಮೇಲೆ ಎಂದು ಯೋಚಿಸಿ. ಅನೇಕ ರಾಜ್ಯಗಳಲ್ಲಿ ಸಾಕಷ್ಟು ಸಂರಕ್ಷಣಾಧಿಕಾರಿಗಳೇ ಇರಲಿಲ್ಲ. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಅವರನ್ನು ಗೊತ್ತುಮಾಡಿ ಎಂದು ಎಲ್ಲ ರಾಜ್ಯಗಳಿಗೂ ಗಡುವು ಕೊಟ್ಟು ಹೇಳಬೇಕಾಯಿತು.

ಮೂರನೇ ಪ್ರಶ್ನೆ, 'ಹೊಂದ್ಕೊಂಡು ಹೋಗು ಅಂತಾರಾ?' ನನ್ನ ಮಟ್ಟಿಗೆ ಇದೇ ದೊಡ್ಡದು. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಅನ್ನುವ ಗಾದೆ ಕೇಳಿಕೊಂಡೇ ನಾವೆಲ್ಲ ಬೆಳೆದವರು, ಅಲ್ವಾ? ಪೊಲೀಸರೂ ಹಾಗೇ ಬೆಳೆದವರು, ಡಾಕ್ಟರೂ, ಆಪ್ತ ಸಮಾಲೋಚಕರೂ. ಒಳ್ಳೆಯ ಮನಸ್ಸಿನವರೇ ಆ ಮಾತು ಹೇಳಿಬಿಡುತ್ತಾರೆ. ಅದನ್ನು ಬಿಡಿಸಬೇಕಾದರೆ ಕಲಿಸಲೇಬೇಕು. ಕಾಯ್ದೆಯ 11ನೇ ಸೆಕ್ಷನ್ ಇದನ್ನು ಸರ್ಕಾರದ ಕರ್ತವ್ಯ ಎಂದೇ ಬರೆದಿದೆ. ಪೊಲೀಸರಿಗೆ, ನ್ಯಾಯಾಂಗದವರಿಗೆ ಆಗಾಗ ತರಬೇತಿ ಕೊಡಬೇಕು.

ಸಖಿ ಕೇಂದ್ರದವರಿಗೆ ತರಬೇತಿ ಕೊಡುವ ಒಂದು ದೊಡ್ಡ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಿಂದಲೇ. 2022ರ ಮಾರ್ಚ್‌ನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ನಿಮ್ಹಾನ್ಸ್ ಜೊತೆ ಸೇರಿ 'ಸ್ತ್ರೀ ಮನೋರಕ್ಷಾ' ಎಂಬ ಕಾರ್ಯಕ್ರಮ ಶುರು ಮಾಡಿತು. ದೇಶದ ಸಖಿ ಕೇಂದ್ರಗಳ ಸುಮಾರು 6,000 ಸಿಬ್ಬಂದಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಡುವುದು ಗುರಿ. ಹೆದರಿದವಳ ಹತ್ತಿರ ಹೇಗೆ ಮಾತಾಡಬೇಕು, ಸಾಯಬೇಕು ಅನ್ನಿಸುತ್ತಿದೆ ಎಂದವಳಿಗೆ ಏನು ಹೇಳಬೇಕು, ಇದನ್ನೆಲ್ಲ ದಿನವೂ ಕೇಳುವ ಕಾರ್ಯಕರ್ತೆ ತನ್ನ ಮನಸ್ಸನ್ನು ಹೇಗೆ ಕಾಪಾಡಿಕೊಳ್ಳಬೇಕು. ಕೊನೆಯದನ್ನು ಜನ ಮರೆಯುತ್ತಾರೆ. ದಿನಕ್ಕೆ ನಾಲ್ಕು ಇಂಥ ಕಥೆ ಕೇಳಿ ಮನೆಗೆ ಹೋಗಿ ಅಡುಗೆ ಮಾಡುವವಳಿಗೂ ಒಂದು ಆಸರೆ ಬೇಕಲ್ಲ.

ಅನುದಾನದ ಪಟ್ಟಿಯಲ್ಲಿ ತರಬೇತಿಯ ಸಾಲು ಚಿಕ್ಕದಾಗಿ ಕಾಣುತ್ತದೆ. ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದೂ ಅಂಥ ಸಾಲಿಗೆ. ಆದರೆ "ಊಟ ಆಯ್ತಾ ಅಮ್ಮಾ" ಎನ್ನುವುದನ್ನು, ನನ್ನನ್ನು ಹೊರಗೆ ಕೂರಿಸುವುದನ್ನು ಆ ಕಾರ್ಯಕರ್ತೆಗೆ ಯಾರೋ ಹೇಳಿಕೊಟ್ಟಿರಬೇಕು. ಬಣ್ಣದ ಬೋರ್ಡು ಹೇಳಿಕೊಡುವುದಿಲ್ಲ.

ನಿಮಗೆ ಗೊತ್ತಿರುವ ಯಾರಿಗಾದರೂ ಬೇಕಾದರೆ, 181 ಮಹಿಳಾ ಸಹಾಯವಾಣಿಯ ನಂಬರ್. ಹತ್ತಿರದ ಸಖಿ ಕೇಂದ್ರ ಎಲ್ಲಿದೆ ಎಂದು ಅವರೇ ಹೇಳುತ್ತಾರೆ. ಆ ಕ್ಷಣದಲ್ಲೇ ಅಪಾಯವಿದ್ದರೆ 112. ದೂರು ಕೊಡಲೇಬೇಕು ಎಂದೇನಿಲ್ಲ, ಸುಮ್ನೆ ಮಾತಾಡಲೂ ಹೋಗಬಹುದು.

ನಮ್ಮ ಹುಡುಗಿ ಮೂರು ರಾತ್ರಿ ಅಲ್ಲಿದ್ದಳು, ಮಗಳ ಜೊತೆ. ನಾಲ್ಕನೇ ದಿನ ಫೋನ್ ಮಾಡಿ, "ಅಕ್ಕಾ, ನನ್ನ ಹೊಲಿಗೆ ಮಿಷನ್ ಆ ಮನೆಯಲ್ಲೇ ಇದೆ. ಅದನ್ನ ಕೊಡಿಸೋಕೆ ಆಗುತ್ತಂತೆ, ವಕೀಲ್ ಮೇಡಂ ಹೇಳಿದ್ರು" ಎಂದಳು. ಅಪ್ಪ ಕೊಡಿಸಿದ ಮಿಷನ್ ಅದು. ಅರ್ಜಿಯಲ್ಲಿ ಅದನ್ನೂ ಸೇರಿಸಿದರು.